ಹಿಯರಿಂಗ್ ಏಡ್ ವಿಮರ್ಶೆ: ಕುಕ್ಕರ್ ಕೂಗು ಕೇಳಿಸಿದರೆ ಸಾಲದು, ಮಾತು ತಿಳಿಯಬೇಕು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಯಂತ್ರಕ್ಕೆ ಐದರಲ್ಲಿ ನಾಲ್ಕು. ಅದನ್ನು ಮಾರಿದ ಅಂಗಡಿಗೆ ಎರಡು, ಅದೂ ಕಾಫಿ ಚೆನ್ನಾಗಿ ಕೊಟ್ಟರು ಅಂತ. ಅದೇ ಯಂತ್ರವನ್ನು ಆಮೇಲೆ ಸರಿಯಾಗಿ ಸೆಟ್ ಮಾಡಿಕೊಟ್ಟ, ಕಿವಿ ಪರೀಕ್ಷೆಯ ತಜ್ಞೆಯಾದ ಆಡಿಯಾಲಜಿಸ್ಟ್‌ಗೆ ಐದಕ್ಕೆ ಐದು.

ಯಂತ್ರ ಯಾವುದು ಅಂದರೆ, ಕಿವಿ ಹಿಂದೆ ಕೂರುವ ಸಣ್ಣ ಬಾಡಿ, ಅದರಿಂದ ಬರುವ ತೆಳ್ಳನೆ ತಂತಿ, ತಂತಿಯ ತುದಿಯಲ್ಲಿ ಕಿವಿಯೊಳಗೆ ಹೋಗುವ ಪುಟ್ಟ ಸ್ಪೀಕರ್. ಆರ್‌ಐಸಿ ಮಾಡೆಲ್ ಅಂತಾರೆ. ರೀಚಾರ್ಜಬಲ್. ಜೋಡಿಗೆ ಒಂದು ಲಕ್ಷದ ಆಸುಪಾಸು. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಈ ದರಕ್ಕೆ ಇಂಥದ್ದನ್ನೇ ಮಾರುವ ಕಂಪನಿಗಳು ಬೇಕಾದಷ್ಟಿವೆ, ನನ್ನ ಕಿವಿಗೆ ಸರಿಯಾದದ್ದು ನಿಮ್ಮ ಕಿವಿಗೆ ಆಗಲೇಬೇಕು ಅಂತೇನೂ ಇಲ್ಲ. ನಾನು ಹೇಳಬೇಕಾದ್ದು ಅಂಗಡಿಯಲ್ಲಿ ಮಾಡುವ ಪರೀಕ್ಷೆ ಮತ್ತು ಫಿಟಿಂಗ್ ಬಗ್ಗೆ. ಬ್ರ್ಯಾಂಡ್‌ಗಿಂತ ಜಾಸ್ತಿ ವ್ಯತ್ಯಾಸ ಆಗುವುದು ಅಲ್ಲೇ.

ನಾನು ಪೀಣ್ಯದ ಒಂದು ಶೀಟ್ ಮೆಟಲ್ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್‌ಗಳ ಪಕ್ಕದಲ್ಲೇ ಸರ್ವೀಸ್ ಕಳೆದವನು. ಆ ಕಾಲದಲ್ಲಿ ಇಯರ್ ಪ್ಲಗ್ ಯಾರು ಹಾಕುತ್ತಿದ್ದರು? ಈಗ 60 ದಾಟಿದೆ. ಗದ್ದಲದಲ್ಲಿ ದುಡಿದವರ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಅನ್ನುವ ಗ್ರಾಫ್, ನೋಡಿದರೆ 4000 ಹರ್ಟ್ಜ್ ಹತ್ತಿರ ಒಂದು ಹಳ್ಳ ಕಾಣುತ್ತದೆ (ಹರ್ಟ್ಜ್ ಜಾಸ್ತಿಯಾದಷ್ಟೂ ಸದ್ದು ಕೀಚಲು). ವಯಸ್ಸಾದ ಹಾಗೆ ಅದರಾಚೆಯ ಕೀಚಲು ಸದ್ದುಗಳೂ ಕೈಬಿಡುತ್ತವೆ. ನನ್ನದು ಎರಡೂ ಸೇರಿದ ಕೇಸು.

ಇಂಥವರನ್ನು ಮನೆಯವರು ಕಿವುಡರು ಅಂತ ಒಪ್ಪುವುದೇ ಇಲ್ಲ. ಕುಕ್ಕರ್ ಮೂರು ಸಲ ಕೂಗಿದ್ದು ಕೇಳಿಸುತ್ತದೆ. ಬೀದಿ ಕೊನೆಯಲ್ಲಿ ಆಟೋ ಹಾರ್ನ್ ಹೊಡೆದದ್ದು ಕೇಳಿಸುತ್ತದೆ. ಪಕ್ಕದ ಮನೆ ನಾಯಿ ಬೊಗಳಿದರೆ ನಿದ್ದೆ ಹಾಳಾಗುತ್ತದೆ. ಆದರೆ ಎದುರು ಕೂತ ಸೊಸೆ ಏನೋ ಕೇಳಿದರೆ ಅವಳು ಮಾತಾಡಿದ್ದು ಗೊತ್ತಾಗುತ್ತದೆ, ಏನು ಅಂದಳು ಅನ್ನುವುದು ಗೊತ್ತಾಗುವುದಿಲ್ಲ. "ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಬಿಡ್ರೀ" ಅಂತ ನಮ್ಮ ಮನೆಯವಳ ತೀರ್ಪು. ಗೃಹಪ್ರವೇಶದ ಊಟದಲ್ಲಿ ಪಾಯಸ ಬಡಿಸುತ್ತಿದ್ದೆ. ಎಲೆ ಮುಂದೆ ಕೂತವರು ಸಾಕು ಅಂದರು, ನನಗೆ ಕೇಳಿಸಿದ್ದು ಹಾಕು. ಹಾಕಿದೆ. ಅವರು ಕೈ ಅಡ್ಡ ಹಿಡಿದು ಮತ್ತೆ ಸಾಕು ಅಂದರು. ನಾನು ಉಪಚಾರ ಅಂದುಕೊಂಡು ಕೈ ಸರಿಸಿ ಇನ್ನೊಂದು ಸೌಟು ಬಿಟ್ಟೆ.

ಇದಕ್ಕೆ ಕಾರಣ ಸರಳ. ಮಾತಿನಲ್ಲಿ ಜೋರು ಇರುವುದು ಸ್ವರಗಳಲ್ಲಿ. ಆ, ಓ, ಊ ಇವುಗಳ ಶಕ್ತಿ ಬಹುಪಾಲು 1000 ಹರ್ಟ್ಜ್‌ಗಿಂತ ಕೆಳಗೇ ಇರುತ್ತದೆ, ನನ್ನ ಕಿವಿಗೆ ಅದು ಧಾರಾಳವಾಗಿ ಬೀಳುತ್ತದೆ. ಅರ್ಥ ಮಾತ್ರ ಜಾಸ್ತಿ ವ್ಯಂಜನಗಳಲ್ಲಿದೆ, ಅವು ಮೆತ್ತಗೆ ಮತ್ತು ಕೀಚಲು. ಸ, ಶ, ಚ ಇವೆಲ್ಲ 3000ದಿಂದ 8000 ಹರ್ಟ್ಜ್ ಮಧ್ಯೆ ಸುಳಿದು ಹೋಗುವ ಗಾಳಿ ಸದ್ದು. ನನಗೆ ಬಂದು ತಲುಪುತ್ತಿದ್ದದ್ದು ಬರೀ ಆಕು. ಮೊದಲಿನ ಸದ್ದು ಯಾವುದು ಅಂತ ಮಿದುಳು ತಾನೇ ಊಹೆ ಮಾಡಿ ಹಾಕಿಕೊಂಡಿತು. ಆ ಊಹೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಬಹಳ ಸ್ವಾರಸ್ಯದ ವಿಷಯ.

ಈಗ ಅಂಗಡಿ. ದಕ್ಷಿಣ ಬೆಂಗಳೂರಿನ ಒಂದು ಮೇನ್ ರೋಡಿನಲ್ಲಿದೆ, ಗಾಜಿನ ಬಾಗಿಲು, ಏಸಿ, ಗೋಡೆ ತುಂಬ ನಗುವ ಅಜ್ಜ ಅಜ್ಜಿಯರ ಫೋಟೋ. ಒಳಗೆ ಪಾರ್ಟಿಷನ್ ಹಾಕಿದ ಒಂದು ಕೋಣೆ, ಅದೇ ಟೆಸ್ಟ್ ರೂಮ್. ಹೊರಗೆ ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿದರೆ ಒಳಗೆ ಕೇಳಿಸುತ್ತಿತ್ತು. ಹೆಡ್‌ಫೋನ್ ಹಾಕಿ ಕುಂಯ್ ಕುಂಯ್ ಅನ್ನುವ ಸದ್ದು ಬಿಡುತ್ತಾರೆ, ಕೇಳಿಸಿದರೆ ಬಟನ್ ಒತ್ತಬೇಕು. ಅದು ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ಗ್ರಾಫ್ ಬಂತು, ಗ್ರಾಫ್ ನೋಡಿ ಮಾತು ಶುರುವಾಯಿತು. ಮಾತು ಅಂದರೆ ಚಾನೆಲ್ ಲೆಕ್ಕ, ಅಂದರೆ ಯಂತ್ರ ಸದ್ದನ್ನು ಎಷ್ಟು ಪಾಲು ಮಾಡಿ ಬೇರೆಬೇರೆಯಾಗಿ ಹೊಂದಿಸುತ್ತದೆ ಅನ್ನುವುದು. "ಇದು ಎಂಟು ಚಾನೆಲ್ ಸಾರ್, ಇದು ಹದಿನಾರು, ನಿಮ್ಮಂಥವರಿಗೆ ಇಪ್ಪತ್ನಾಲ್ಕೇ ಬೆಸ್ಟು." ನನ್ನಂಥವರು ಅಂದರೆ ಯಾರು ಅಂತ ಅರ್ಥವಾಗಲಿಲ್ಲ, ಶರ್ಟ್ ನೋಡಿ ಹೇಳಿದರೋ ಏನೋ. ಇಷ್ಟರಲ್ಲಿ ಒಬ್ಬರಾದರೂ ನನಗೆ ಒಂದು ಪದ ಹೇಳಿ, ಏನು ಕೇಳಿಸಿತು ಸಾರ್ ಅಂತ ಕೇಳಲಿಲ್ಲ. ನಾನು ಅಲ್ಲಿಗೆ ಹೋದದ್ದೇ ಮಾತು ತಿಳಿಯುವುದಿಲ್ಲ ಅಂತ!

ಕಂಪ್ಯೂಟರ್ ತಾನಾಗಿ ಲೆಕ್ಕ ಹಾಕಿದ ಸೆಟ್ಟಿಂಗ್ ತುಂಬಿದರು, ಕಿವಿಗೆ ಹಾಕಿದರು, ಚಪ್ಪಾಳೆ ತಟ್ಟಿದರು. ಕೇಳಿಸ್ತಾ ಸಾರ್? ಕೇಳಿಸಿತು. ಬಿಲ್ ಆಯಿತು.

ಮನೆಗೆ ಬಂದ ಮೇಲೆ ಶುರುವಾಯಿತು ಗೋಳು. ಪೇಪರ್ ಮಡಚಿದರೆ ಚರಚರ. ಸಿಂಕಿನಲ್ಲಿ ಸ್ಟೀಲ್ ಲೋಟ ಇಟ್ಟರೆ ತಲೆಯೊಳಗೆ ಗಂಟೆ ಹೊಡೆದ ಹಾಗೆ. ನನ್ನ ಚಪ್ಪಲಿಗೆ ಇಷ್ಟು ಸದ್ದಿದೆ ಅಂತ ಗೊತ್ತೇ ಇರಲಿಲ್ಲ. ಫ್ಯಾನು, ನಲ್ಲಿ, ಫ್ರಿಜ್ಜು ಎಲ್ಲಾ ಕೇಳಿಸುತ್ತಿವೆ, ಸೊಸೆಯ ಮಾತು ಮಾತ್ರ ಮೊದಲು ಹೇಗಿತ್ತೋ ಹಾಗೇ ಇದೆ, ಬರೀ ಜೋರಾಗಿದೆ ಅಷ್ಟೇ. ಅಂಗಡಿಗೆ ಫೋನ್ ಮಾಡಿದರೆ ಅದೇ ಉತ್ತರ: "ಅಭ್ಯಾಸ ಆಗುತ್ತೆ ಸಾರ್, ಹಾಕ್ಕೊಂಡೇ ಇರಿ." ಅದು ಅರ್ಧ ನಿಜ. ವರ್ಷಗಟ್ಟಲೆ ಕೇಳದ ಸದ್ದುಗಳಿಗೆ ಮಿದುಳು ಒಗ್ಗಿಕೊಳ್ಳಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಆದರೆ ಬಾರದೇ ಇರುವ ಸದ್ದಿಗೆ ಮಿದುಳು ಹೇಗೆ ಒಗ್ಗಿಕೊಳ್ಳುತ್ತದೆ ಹೇಳಿ? ವಾಪಸ್ ಕೊಡುತ್ತೇನೆ ಅಂದೆ. ಬಾಕ್ಸ್ ಓಪನ್ ಆಗಿದೆ ಸಾರ್ ಅಂದರು.

ಆಗ ನಮ್ಮ ಷಡ್ಡಕರು ಒಬ್ಬ ಆಡಿಯಾಲಜಿಸ್ಟ್ ಹೆಸರು ಹೇಳಿದರು. ಯಂತ್ರ ಮಾರುವವರಲ್ಲ, ಬರೀ ಪರೀಕ್ಷೆ ಮತ್ತು ಫಿಟಿಂಗ್. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದವರು. 1965ರಲ್ಲಿ ಶುರುವಾದ ಸಂಸ್ಥೆ ಅದು, ನಮ್ಮ ಕಡೆ ಕಿವಿ ಮತ್ತು ಮಾತಿನ ತೊಂದರೆ ಅಂದರೆ ಹಿರಿಯರು ಮೊದಲು ಹೇಳುವ ಹೆಸರೂ ಅದೇ. ಈ ಹುಡುಗಿಗೆ ಮೂವತ್ತರ ವಯಸ್ಸಿರಬಹುದು. ಫೀಸು ಒಂದೂವರೆ ಸಾವಿರ. ಅಂಗಡಿಯಲ್ಲಿ ಲಕ್ಷ ಕೊಟ್ಟು ಸಿಗದೇ ಇದ್ದದ್ದು ಇಲ್ಲಿ ಸಿಕ್ಕಿತು.

ಮೊದಲು ಅದೇ ಕುಂಯ್ ಕುಂಯ್ ಪರೀಕ್ಷೆ, ಆದರೆ ದಪ್ಪ ಬಾಗಿಲಿನ ನಿಶ್ಶಬ್ದ ಕೋಣೆಯಲ್ಲಿ. ಆಮೇಲೆ ಪದಗಳು. ಕನ್ನಡ ಪದಗಳು! ಒಂದೊಂದೇ ಪದ ಬರುತ್ತದೆ, ಕೇಳಿಸಿದ ಹಾಗೆ ವಾಪಸ್ ಹೇಳಬೇಕು. ಕನ್ನಡದಲ್ಲಿ ಯಾವ ಸದ್ದು ಎಷ್ಟು ಬಳಕೆಯಲ್ಲಿದೆಯೋ ಅದೇ ಪ್ರಮಾಣದಲ್ಲಿ ಸದ್ದುಗಳು ಬರುವ ಹಾಗೆ ಜೋಡಿಸಿದ ಪಟ್ಟಿಗಳು ಇವು, ಮೈಸೂರಿನಲ್ಲೇ ತಯಾರಾದದ್ದು. ರೆಕಾರ್ಡ್ ಮಾಡಿದ ದನಿಯೇ ಯಾಕೆ, ನೀವೇ ಹೇಳಬಹುದಲ್ಲ ಅಂದೆ. ನನ್ನ ತುಟಿ ನೋಡಿ ನೀವು ಪಾಸಾಗಿಬಿಡುತ್ತೀರಿ ಅಂಕಲ್ ಅಂದಳು. ಅದು ತಮಾಷೆಯ ಮಾತಲ್ಲ. 1976ರಲ್ಲಿ ಮ್ಯಾಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನುವವರು ತೋರಿಸಿದ್ದು ಇದು: ಬಾ ಅನ್ನುವ ಸದ್ದಿಗೆ ಗಾ ಅನ್ನುವ ಬಾಯಿಯ ವಿಡಿಯೋ ಜೋಡಿಸಿದರೆ ನೋಡುವವರಿಗೆ ಬಹಳ ಸಲ ಡಾ ಕೇಳಿಸುತ್ತದೆ. ಕಣ್ಣು ಮುಚ್ಚಿಕೊಂಡರೆ ಮತ್ತೆ ಬಾ. ಮಾತಿನ ವಿಷಯದಲ್ಲಿ ಕಣ್ಣಿನ ಸಾಕ್ಷಿಯನ್ನೂ ಮಿದುಳು ಕೇಳುತ್ತದೆ. ಕೊರೋನಾ ಮಾಸ್ಕ್ ಕಾಲದಲ್ಲಿ ನನಗೆ ಇದ್ದಕ್ಕಿದ್ದಂತೆ ಕಿವುಡು ಜಾಸ್ತಿಯಾದ ಹಾಗನ್ನಿಸಿದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಪದಪರೀಕ್ಷೆಯಲ್ಲಿ ಅಂಗಡಿಯ ಸೆಟ್ಟಿಂಗ್‌ನಲ್ಲಿ ಯಂತ್ರ ಹಾಕಿಕೊಂಡೇ ನನಗೆ ಬಂದದ್ದು ಶೇಕಡಾ 60. ಯಂತ್ರ ಇಲ್ಲದೆಯೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಲಕ್ಷ ರೂಪಾಯಿ ಕೊಟ್ಟು ನಾನು ಪೇಪರಿನ ಚರಚರ ಕೊಂಡುಕೊಂಡಿದ್ದೆ.

ಸದ್ದು ಕೇಳುವುದು ಬೇರೆ, ಮಾತು ಕೇಳುವುದು ಬೇರೆ ಅನ್ನುವುದನ್ನು ಅವಳೇ ಬಿಡಿಸಿ ಹೇಳಿದಳು, ಆಮೇಲೆ ನಾನೂ ಒಂದಷ್ಟು ಓದಿಕೊಂಡೆ. ಕಿವಿಯೊಳಗಿನ ಬಸವನಹುಳುವಿನಂಥ ಕಾಕ್ಲಿಯಾದಲ್ಲಿ ಸದ್ದು ಹಿಡಿಯುವ ಸುಮಾರು 15,000 ರೋಮಕೋಶಗಳಿರುತ್ತವೆ. ಬಾಗಿಲ ಹತ್ತಿರದವು ಕೀಚಲು ಸದ್ದಿಗೆ, ಒಳಸುರುಳಿಯವು ದಪ್ಪ ಸದ್ದಿಗೆ. ಬಾಗಿಲ ಹತ್ತಿರದವೇ ಮೊದಲು ಸಾಯುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ನರದ ಮೂಲಕ ಮಿದುಳಿನ ಶ್ರವಣ ಭಾಗದವರೆಗೆ ಕುಕ್ಕರ್ ಆಗಲಿ, ಕಾಗೆ ಆಗಲಿ, ಸೊಸೆಯ ಮಾತಾಗಲಿ, ಎಲ್ಲ ಒಂದೇ ದಾರಿಯಲ್ಲಿ ಬರುತ್ತವೆ. ಅದರಾಚೆಗೆ ದಾರಿ ಕವಲೊಡೆಯುತ್ತದೆ. 2000ದಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಮಿದುಳಿನ ಸ್ಕ್ಯಾನ್‌ನಲ್ಲಿ ನೋಡಿದರು: ಕಿವಿಯ ನೇರಕ್ಕೆ ಮೇಲೆ ಇರುವ ಕೆಲವು ಜಾಗಗಳು ಬೇರೆಲ್ಲ ಸದ್ದಿಗಿಂತ ಮನುಷ್ಯರ ದನಿಗೆ ಜಾಸ್ತಿ ಚುರುಕಾಗುತ್ತವೆ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಡ್ವರ್ಡ್ ಚಾಂಗ್ ಅವರ ತಂಡ ಇನ್ನೂ ಹತ್ತಿರದಿಂದ ನೋಡಿತು. ಮೂರ್ಛೆರೋಗದ ಆಪರೇಷನ್‌ಗೆ ಮುಂಚೆ ರೋಗಿಗಳ ಮಿದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟಿರುತ್ತಾರಲ್ಲ, ಅವರಿಗೆ ವಾಕ್ಯಗಳನ್ನು ಕೇಳಿಸಿದರು. ಒಂದು ಜಾಗ ಪ, ಟ, ಕ ಥರದ ಸದ್ದುಗಳಿಗೆ ಎದ್ದರೆ, ಇನ್ನೊಂದು ಸ, ಶ ಥರದವಕ್ಕೆ, ಮತ್ತೊಂದು ಸ್ವರಗಳಿಗೆ, ಇನ್ನೊಂದು ಮ, ನ ಅನುನಾಸಿಕಗಳಿಗೆ. ನಮ್ಮ ವರ್ಣಮಾಲೆಯನ್ನು ಜೋಡಿಸಿದವರಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು. ಅವರೂ ಬಾಯಲ್ಲಿ ಹುಟ್ಟುವ ಜಾಗ, ಹುಟ್ಟುವ ರೀತಿ ನೋಡಿಯೇ ಅಲ್ವಾ ವರ್ಗ ಮಾಡಿದ್ದು.

ಬಹಳ ಅಪರೂಪಕ್ಕೆ, ಪಾರ್ಶ್ವವಾಯು ಹೊಡೆದು ಈ ಮಾತಿನ ಭಾಗಕ್ಕೆ ಮಾತ್ರ ಪೆಟ್ಟಾದವರು ಇರುತ್ತಾರೆ. ಅವರಿಗೆ ಕಾಲಿಂಗ್ ಬೆಲ್ ಗೊತ್ತಾಗುತ್ತದೆ, ನಾಯಿ ಗೊತ್ತಾಗುತ್ತದೆ, ಓದಲು ಬರೆಯಲು ಬರುತ್ತದೆ, ಆದರೆ ತಮ್ಮದೇ ಭಾಷೆಯ ಮಾತು ಪರದೇಶದ ಭಾಷೆಯ ಹಾಗೆ ಕೇಳಿಸುತ್ತದೆ. ಅಂಥವರಿಗೆ ಬರೀ ಕುಂಯ್ ಕುಂಯ್ ಪರೀಕ್ಷೆ ಮಾಡಿದರೆ ಏನೂ ತೊಂದರೆ ಇಲ್ಲ ಅಂತಲೇ ಬರಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1981ರ ಒಂದು ಪ್ರಯೋಗ. ರಾಬರ್ಟ್ ರೆಮೆಜ್ ಮತ್ತು ಸಂಗಡಿಗರು ಒಂದು ವಾಕ್ಯದಿಂದ ಮಾತಿನ ಗುಣವನ್ನೆಲ್ಲ ತೆಗೆದುಹಾಕಿ, ಏರಿಳಿಯುವ ಮೂರು ಸೀಟಿಗಳನ್ನು ಮಾತ್ರ ಉಳಿಸಿದರು. ಸುಮ್ನೆ ಕೇಳಿದವರಲ್ಲಿ ಬಹಳ ಜನಕ್ಕೆ ಅದು ಹಕ್ಕಿ ಕೂಗೋ, ರೇಡಿಯೋ ಕೊರೆತವೋ ಅನ್ನಿಸಿತು. ಇದು ಮಾತು, ಏನು ಹೇಳುತ್ತಿದೆ ನೋಡಿ ಅಂದರೆ, ಅದೇ ಸೀಟಿಯಲ್ಲಿ ಹಲವರಿಗೆ ವಾಕ್ಯ ಕೇಳಿಸಿತು. ಇಂಟರ್ನೆಟ್‌ನಲ್ಲಿ ಇದರ ಮಾದರಿಗಳು ಸಿಗುತ್ತವೆ, ನಾನು ಕೇಳಿದೆ. ಮೊದಲ ಸಲ ಬರೀ ಕಿಚಪಿಚ. ಅಸಲು ವಾಕ್ಯ ಒಂದು ಸಲ ಕೇಳಿ ಮತ್ತೆ ಆ ಸೀಟಿ ಹಾಕಿದೆ, ಮೈ ಜುಮ್ಮೆಂದಿತು. ಪದ ಪದ ಸ್ಪಷ್ಟ. ಇನ್ನು ಅದನ್ನು ಬರೀ ಸೀಟಿ ಅಂತ ಕೇಳಬೇಕು ಅಂದರೂ ಆಗುವುದಿಲ್ಲ. ಸದ್ದಿನಲ್ಲಿ ಒಂದು ಚೂರೂ ಬದಲಾಗಿಲ್ಲ, ಮಿದುಳು ಅದನ್ನು ಕೇಳುವ ರೀತಿ ಬದಲಾಗಿದೆ. ದಯವಿಟ್ಟು ಒಮ್ಮೆ ಕೇಳಿ ನೋಡಿ, ಮಕ್ಕಳಿಗೂ ಕೇಳಿಸಿ.

ಈಗ ಪಾಯಸದ ಊಹೆಗೆ ಬರೋಣ. 1970ರಲ್ಲಿ ರಿಚರ್ಡ್ ವಾರನ್ ಅನ್ನುವವರು ಒಂದು ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದದ ಸ್ ಅನ್ನುವ ಸದ್ದನ್ನು ಪೂರ್ತಿ ಕತ್ತರಿಸಿ ಅಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪದ ಪೂರ್ತಿ ಕೇಳಿಸಿತು, ಜೊತೆಗೆ ಯಾರೋ ಕೆಮ್ಮಿದರು ಅಂದರು. ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ತೋರಿಸಲು ಆಗಲಿಲ್ಲ. ಇಲ್ಲದ ಸ್ ಅನ್ನು ಮಿದುಳು ತಾನೇ ತುಂಬಿತ್ತು. ಎಳೆಯ ಕಿವಿಯವರಿಗೆ ಇದು ವರ. ದಿನವಿಡೀ ಪ್ರತಿ ವಾಕ್ಯದಲ್ಲೂ ತುಂಬುತ್ತಾ ಕೂರಬೇಕಾದ ನನ್ನಂಥವನಿಗೆ ಸಂಜೆ ಹೊತ್ತಿಗೆ ತಲೆ ಭಾರ, ಯಾರ ಜೊತೆಯೂ ಮಾತೇ ಬೇಡ ಅನ್ನಿಸುತ್ತದೆ. ಕಿವಿ ಮಂದವಾದವರು ನೆಂಟರ ಮನೆಗೆ ಹೋಗುವುದನ್ನು ಬಿಡುವುದು ಕೊಬ್ಬಿನಿಂದಲ್ಲ, ಸುಸ್ತಿನಿಂದ. 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾ (ಮರೆಗುಳಿತನದ ಕಾಯಿಲೆ) ತಡೆಯಲು ನಾವು ಕೈಹಾಕಬಹುದಾದ 12 ಕಾರಣಗಳ ಪಟ್ಟಿ ಕೊಟ್ಟಿತು, ಕಿವಿ ಮಂದವಾಗುವುದು ಅದರಲ್ಲಿ ಒಂದು. ಹೆದರಿಸಲು ಹೇಳುತ್ತಿಲ್ಲ. ಆದರೆ ವಯಸ್ಸಾಯ್ತಲ್ಲ ಬಿಡು ಅಂತ ಸುಮ್ಮನಿರುವ ವಿಷಯವೂ ಅಲ್ಲ.

ಸರಿ, ಯಂತ್ರಕ್ಕೆ ವಾಪಸ್ ಬರುತ್ತೇನೆ. ಅವಳು ಮಾಡಿದ ಮುಖ್ಯ ಕೆಲಸ ಒಂದು: ತೆಳ್ಳಗಿನ ಸಿಲಿಕೋನ್ ನಳಿಕೆಯನ್ನು ಕಿವಿಯೊಳಗೆ ತಮಟೆಯ ಹತ್ತಿರದವರೆಗೆ ಬಿಟ್ಟು, ಅದರ ಮೇಲೆ ಯಂತ್ರ ಹಾಕಿ, ನಿಜವಾಗಿ ಎಷ್ಟು ಸದ್ದು ಒಳಗೆ ತಲುಪುತ್ತಿದೆ ಅಂತ ಅಳೆಯುವುದು. ನೋವಿಲ್ಲ, ಸ್ವಲ್ಪ ಕಚಗುಳಿ. ರಿಯಲ್ ಇಯರ್ ಟೆಸ್ಟ್ ಅಂತಾರೆ, ಅಂಗಡಿಗೆ ಹೋದಾಗ ಈ ಹೆಸರು ಹೇಳಿಯೇ ಕೇಳಿ. ಅಳೆಯುವಾಗ ಸ್ಪೀಕರ್‌ನಲ್ಲಿ ಒಂದು ಹೆಂಗಸಿನ ಮಾತು ಬರುತ್ತದೆ. ಆರು ಭಾಷೆಗಳ ಹೆಂಗಸರ ಮಾತನ್ನು ಚೂರು ಚೂರು ಮಾಡಿ ಜೋಡಿಸಿದ್ದಂತೆ: ಇಂಗ್ಲಿಷ್, ಅರಬ್ಬಿ, ಚೀನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್. ಮಾತಿನ ಏರಿಳಿತ ಎಲ್ಲಾ ಇದೆ, ಅರ್ಥ ಮಾತ್ರ ಇಲ್ಲ. ಕೂತಷ್ಟು ಹೊತ್ತೂ ನಾನು ಏನೋ ಹೇಳುತ್ತಿದ್ದಾಳಲ್ಲ ಅಂತ ಕಿವಿಗೊಟ್ಟೇ ಇದ್ದೆ, ಅರ್ಥ ಇಲ್ಲ ಅಂತ ಗೊತ್ತಿದ್ದೂ. ಮಿದುಳಿಗೆ ಅದು ಮಾತು ಅನ್ನಿಸಿಬಿಟ್ಟರೆ ಮುಗಿಯಿತು, ಫ್ಯಾನ್ ಸದ್ದಿನ ಹಾಗೆ ಪಕ್ಕಕ್ಕೆ ತಳ್ಳಲು ಆಗುವುದಿಲ್ಲ.

ಅಳತೆಯಲ್ಲಿ ಕಂಡದ್ದು: ಮೆತ್ತಗಿನ ಕೀಚಲು ಸದ್ದಿಗೆ ಯಂತ್ರ ಕೊಡಬೇಕಾದಷ್ಟು ಬಲ ಕೊಡುತ್ತಿರಲಿಲ್ಲ, ಜೋರು ಸದ್ದಿಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತಿತ್ತು. ಅದಕ್ಕೇ ಲೋಟದ ಸದ್ದು ತಲೆಗೆ ಹೊಡೆಯುತ್ತಿತ್ತು, ಸ ಮಾತ್ರ ಬರುತ್ತಿರಲಿಲ್ಲ. ಸ್ಪೀಕರ್ ತುದಿಯ ರಬ್ಬರ್ ಟೋಪಿಯೂ ನನ್ನ ಕಿವಿಗೆ ಚಿಕ್ಕದು. ಸಂದಿಯಲ್ಲಿ ಸದ್ದು ಸೋರಿ ಸೀಟಿ ಹೊಡೆಯಬಾರದು ಅಂತ ಯಂತ್ರ ತಾನೇ ಮೇಲಿನ ಸದ್ದನ್ನು ತಗ್ಗಿಸಿಕೊಂಡಿತ್ತು. ಟೋಪಿ ಬದಲಾಯಿಸಿದಳು, ಸೆಟ್ಟಿಂಗ್ ತಿದ್ದಿದಳು, ಮತ್ತೆ ಅಳೆದಳು. ಮತ್ತೆ ಪದಪರೀಕ್ಷೆ. ಶೇಕಡಾ 84. ಅದೇ ಯಂತ್ರ, ಅದೇ ಕಿವಿ.

ಈಗ ಬಳಕೆಯಲ್ಲಿ ಹೇಗಿದೆ ಅಂದರೆ, ಮನೆಯೊಳಗೆ ಚಿನ್ನ. ಮೊಮ್ಮಗಳ ದನಿ ಕೀಚಲು, ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು, ಈಗ ಅವಳು "ತಾತಾ, ಶಂಖ ಅಂತ ಬರಿ, ಸಂಕ ಅಲ್ಲ" ಅಂತ ಬೈದರೆ ಪೂರ್ತಿ ತಿಳಿಯುತ್ತದೆ. ಫೋನ್ ಬ್ಲೂಟೂತ್‌ನಲ್ಲಿ ನೇರವಾಗಿ ಎರಡೂ ಕಿವಿಗೆ ಬರುತ್ತದೆ, ಬಹಳ ಆರಾಮ. ಮಿಕ್ಸಿ ಓಡುವಾಗ ಮಾತಾಡಿದರೂ ಒಂದು ಮಟ್ಟಿಗೆ ಗೊತ್ತಾಗುತ್ತದೆ. ಮಾತಿನ ಜೋರು ಸೆಕೆಂಡಿಗೆ ನಾಲ್ಕೈದು ಸಲ ಏರಿ ಇಳಿಯುತ್ತದೆ, ಹೆಚ್ಚುಕಮ್ಮಿ ಅಕ್ಷರಕ್ಕೊಂದು ಸಲ. ಮಿಕ್ಸಿ, ಫ್ಯಾನು ಒಂದೇ ಸಮ ಗುಂಯ್ಗುಡುತ್ತವೆ. ಏರಿಳಿಯುವುದು ಮಾತು, ಒಂದೇ ಸಮ ಇರುವುದು ಗದ್ದಲ ಅನ್ನುವ ಲೆಕ್ಕದಲ್ಲಿ ಯಂತ್ರ ಎರಡನೆಯದನ್ನು ತಗ್ಗಿಸುತ್ತದೆ.

ಈ ಲೆಕ್ಕ ಕೈಕೊಡುವುದು ಎರಡು ಕಡೆ. ಒಂದು ಮದುವೆ ಛತ್ರ. ಅಲ್ಲಿ ಗದ್ದಲವೂ ಮಾತೇ! ಇನ್ನೂರು ಜನ ಒಟ್ಟಿಗೆ ಮಾತಾಡಿದರೆ ಯಾವುದು ಬೇಕು, ಯಾವುದು ಬೇಡ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಎದುರಿಗಿರುವವರ ಕಡೆ ಮೈಕ್ ತಿರುಗಿಸುವುದೊಂದೇ ಅದರ ಕೈಲಾಗುವುದು. ಚೆನ್ನಾಗಿರುವ ಕಿವಿ ಮಿದುಳಿನ ಜೋಡಿ ಇದನ್ನು ಲೀಲಾಜಾಲವಾಗಿ ಮಾಡುತ್ತದೆ. 1953ರಲ್ಲೇ ಕಾಲಿನ್ ಚೆರ್ರಿ ಇದರ ಮೇಲೆ ಪ್ರಯೋಗ ಮಾಡಿದ್ದರು. 2012ರಲ್ಲಿ ಅದೇ ಚಾಂಗ್ ಅವರ ಪ್ರಯೋಗಾಲಯದಲ್ಲಿ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿ ಮಿದುಳಿನ ಚಟುವಟಿಕೆ ದಾಖಲಿಸಿದರೆ, ಅದರಲ್ಲಿ ಮುಖ್ಯವಾಗಿ ಕಂಡದ್ದು ಗಮನ ಕೊಟ್ಟವರ ಮಾತು, ಇನ್ನೊಬ್ಬರದ್ದು ಮಂಕು. ಈಚೆಗೆ ಎಐ ಚಿಪ್ ಇರುವ ಮಾಡೆಲ್‌ಗಳು ಬಂದಿವೆ, ಗದ್ದಲದಿಂದ ಮಾತು ಬೇರ್ಪಡಿಸುವುದರಲ್ಲಿ ಅವು ಮುಂದಿವೆ ಅನ್ನುತ್ತಾರೆ, ಬೆಲೆಯೂ ಅಷ್ಟೇ ಮುಂದಿದೆ. ನನ್ನದು ಅಂಥದ್ದಲ್ಲ. ಛತ್ರದಲ್ಲಿ ನಾನೀಗ ಗೋಡೆಗೆ ಬೆನ್ನು ಕೊಟ್ಟು, ಲೌಡ್‌ಸ್ಪೀಕರ್‌ನಿಂದ ದೂರ ಕೂರುತ್ತೇನೆ. ತೀರಾ ಕಷ್ಟ ಆದರೆ ಮೊಬೈಲಿನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ತೆಗೆಯುತ್ತೇನೆ. ಆಡಿದ ಮಾತನ್ನು ಕನ್ನಡದಲ್ಲೇ ಬರೆದು ತೋರಿಸುತ್ತದೆ, ಬಿಟ್ಟಿ. ಒಬ್ಬರು ಹತ್ತಿರದಿಂದ ಮಾತಾಡಿದರೆ ಪರವಾಗಿಲ್ಲ, ಛತ್ರದ ನಡುವೆ ಇಟ್ಟರೆ ಅದೂ ಏನೇನೋ ಬರೆಯುತ್ತದೆ.

ಎರಡನೆಯದು ಸಂಗೀತ. ಇದಕ್ಕೇ ನಾನು ಒಂದು ಅಂಕ ಕತ್ತರಿಸಿದ್ದು. ರಾಮನವಮಿ ಕಚೇರಿಗೆ ಯಂತ್ರ ಹಾಕಿಕೊಂಡು ಹೋಗಿದ್ದೆ. ತಂಬೂರಿ ಶುರುವಾಯಿತು, ಚೆನ್ನಾಗಿತ್ತು, ಎರಡು ಕ್ಷಣಕ್ಕೆ ಮೆಲ್ಲಗೆ ಕುಗ್ಗಿ ಹೋಯಿತು. ಒಂದೇ ಸಮ ಇರುವ ಸದ್ದಲ್ವಾ, ಯಂತ್ರ ಅದನ್ನು ಫ್ಯಾನಿನ ಸಾಲಿಗೆ ಸೇರಿಸಿತ್ತು. ಗಾಯಕರು ಬಾಯಿ ತೆರೆದರೆ ತಂಬೂರಿ ಮೇಲೆ ಬರುತ್ತದೆ, ನಿಲ್ಲಿಸಿದರೆ ಕೆಳಗೆ ಹೋಗುತ್ತದೆ. ಮಾರನೆಯ ದಿನ ಕೊಳಲು, ಅದು ಇನ್ನೂ ಘೋರ. ವಿದ್ವಾಂಸರು ಮೇಲ್ಷಡ್ಜದಲ್ಲಿ ಉಸಿರು ಬಿಗಿಹಿಡಿದು ನಿಂತರೆ, ಇದು ನನ್ನದೇ ಸೀಟಿ ಅಂದುಕೊಂಡು ಯಂತ್ರ ಅದನ್ನು ರದ್ದು ಮಾಡಲು ಹೋಗುತ್ತದೆ. ಫಲ, ಶ್ರುತಿಶುದ್ಧ ಸ್ವರದ ಮೇಲೆ ವರವರ ಅಂತ ಒಂದು ನಡುಕ. ಪಕ್ಕದವರು ಭೇಷ್ ಅನ್ನುತ್ತಿದ್ದಾರೆ, ನನಗೆ ಹಾರ್ಮೋನಿಯಂ ಕೆಟ್ಟ ಹಾಗೆ. ಇದು ನನ್ನ ಮಾಡೆಲ್ಲಿನ ದೋಷ ಅಂತಲ್ಲ, ಮಾತಿಗಾಗಿ ಮಾಡಿದ ಯಂತ್ರಗಳ ಜಾಯಮಾನ. ಆಡಿಯಾಲಜಿಸ್ಟ್ ಆಮೇಲೆ ಬೇರೊಂದು ಮ್ಯೂಸಿಕ್ ಪ್ರೋಗ್ರಾಂ ಹಾಕಿಕೊಟ್ಟಳು, ಅದರಲ್ಲಿ ಗದ್ದಲ ಕಡಿತ ಬಂದ್, ಸೀಟಿ ತಡೆ ಅರೆಬರೆ. ತಂಬೂರಿ ಈಗ ನಿಲ್ಲುತ್ತದೆ. ಕೊಳಲು ಪರವಾಗಿಲ್ಲ. ವೀಣೆಯ ಸೂಕ್ಷ್ಮ ಗಮಕಗಳು ಮಾತ್ರ ಹೋದದ್ದು ಹೋದವೇ.

ಮನೆಯವರಿಗೆ ಒಂದು ಮಾತು, ಇದನ್ನು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ ಬೇಕಾದರೆ. ಕಿರುಚಬೇಡಿ. ಕಿರುಚಿದರೆ ಜೋರಾಗುವುದು ಸ್ವರಗಳು, ಅವು ನಮಗೆ ಮೊದಲೇ ಕೇಳಿಸುತ್ತಿವೆ. ವ್ಯಂಜನಗಳು ಅಷ್ಟು ಏರುವುದಿಲ್ಲ, ಸ್ವರದ ಅಬ್ಬರದಲ್ಲಿ ಇನ್ನೂ ಮುಚ್ಚಿಹೋಗುತ್ತವೆ. ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ಸ್ವಲ್ಪ ನಿಧಾನಕ್ಕೆ ಹೇಳಿದರೆ ಸಾಕು. ತಿಳಿಯದಿದ್ದರೆ ಅದೇ ಪದವನ್ನು ನಾಲ್ಕು ಸಲ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ನಮ್ಮ ಸೊಸೆ ಈಗ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು, ಹೊರಗೆ ಬಂದು "ಮಾವ, ಇಲ್ಲಿ ನೋಡಿ" ಅಂದು ಆಮೇಲೆ ವಿಷಯ ಹೇಳುತ್ತಾಳೆ. ಯಂತ್ರದಷ್ಟೇ ಉಪಯೋಗ ಅದರಿಂದಲೂ ಆಗಿದೆ.

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಡಬ್ಬಿಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅವು ಎಲ್ಲ ಸದ್ದನ್ನೂ ಜೋರು ಮಾಡುತ್ತವೆ ಅಷ್ಟೇ, ಉಳಿದಿರುವ ರೋಮಕೋಶಕ್ಕೂ ಕುತ್ತು ಬರಬಹುದು. ಹಣದ ತೊಂದರೆ ಇದ್ದವರು, ಆದಾಯ ಕಡಿಮೆ ಇರುವವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಹಿಯರಿಂಗ್ ಏಡ್ ಸಿಗುತ್ತದೆ, ಅದನ್ನು ವಿಚಾರಿಸಿ. ಆಪರೇಷನ್ ಮಾಡಿ ಕಾಕ್ಲಿಯಾದೊಳಗೆ ಎಲೆಕ್ಟ್ರೋಡ್ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇರೆ ಲೋಕ, ನನಗೆ ಅದರ ಅನುಭವ ಇಲ್ಲ. ಆದರೆ ಓದುವಾಗ ಒಂದು ಬೆರಗು ಕಂಡಿತು. 15,000 ರೋಮಕೋಶಗಳ ಕೆಲಸವನ್ನು ಅದರಲ್ಲಿ 12ರಿಂದ 22 ಎಲೆಕ್ಟ್ರೋಡ್‌ಗಳು ಮಾಡುತ್ತವೆ, ಆದರೂ ಬಹಳ ಜನ ಫೋನಿನಲ್ಲಿ ಮಾತಾಡುತ್ತಾರೆ. ಸಂಗೀತ ಮಾತ್ರ ಅವರಿಗೆ ನನಗಿಂತಲೂ ಕಷ್ಟ. ಮಾತಿಗಾದರೆ ಮಿದುಳು ಅಷ್ಟು ಕಡಿಮೆ ಸಾಮಾನಿನಲ್ಲೂ ಹೇಗೋ ಸಂಸಾರ ತೂಗಿಸುತ್ತದೆ.

ಉಳಿದದ್ದು ಚಿಲ್ಲರೆ ವಿಷಯ. ಬ್ಯಾಟರಿ ಬೆಳಗ್ಗೆಯಿಂದ ಮಲಗುವವರೆಗೆ ಬರುತ್ತದೆ, ರಾತ್ರಿ ಕರೆಂಟ್ ಹೋಗುವ ಊರಿನವರು ಮಾತ್ರ ಬಿಡಿ ಬ್ಯಾಟರಿಯ ಮಾಡೆಲ್ ತಗೊಳ್ಳಿ. ಹೆಲ್ಮೆಟ್ ತೆಗೆಯುವಾಗ ಎಚ್ಚರ, ನನ್ನದು ಒಂದು ಸಲ ಪೆಟ್ರೋಲ್ ಬಂಕ್‌ನಲ್ಲಿ ಹಾರಿ ಬಿದ್ದಿತ್ತು. ಮಳೆಗಾಲದಲ್ಲಿ ರಾತ್ರಿ ಹೊತ್ತು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಇದ್ದಕ್ಕಿದ್ದಂತೆ ಸದ್ದು ಕಡಿಮೆಯಾದರೆ ರಿಪೇರಿಗೆ ಓಡಬೇಡಿ, ಬಹಳ ಸಲ ಅದು ಕಿವಿಯ ಗುಗ್ಗೆ ಕಟ್ಟಿರುತ್ತದೆ. ಸ್ಪೀಕರ್ ತುದಿಯಲ್ಲಿ ವ್ಯಾಕ್ಸ್ ಗಾರ್ಡ್ ಅಂತ ಸಾಸಿವೆ ಕಾಳಿನಷ್ಟು ಬಿಳಿ ಬಿರಡೆ ಇರುತ್ತದೆ, ಅದನ್ನು ಬದಲಾಯಿಸಿದರೆ ಆಯಿತು. ಕನ್ನಡಕ ಹಾಕಿಕೊಂಡು, ಮೇಜಿನ ಮೇಲೆ ಬಿಳಿಯಲ್ಲದ ಬಟ್ಟೆ ಹಾಸಿ ಬದಲಾಯಿಸಿ, ಕೆಳಗೆ ಬಿದ್ದರೆ ಸಿಗುವುದಿಲ್ಲ. ಒಂದು ಪ್ಯಾಕೆಟ್‌ಗೆ ಎಷ್ಟು ಅಂತ ಯಂತ್ರ ಕೊಳ್ಳುವ ದಿನವೇ ಬಿಲ್ ಮೇಲೆ ಬರೆಸಿಕೊಳ್ಳಿ, ನನ್ನ ಅಂಗಡಿಯವರು ಪ್ರತಿ ಸಲ ಒಂದೊಂದು ದರ ಹೇಳುತ್ತಾರೆ.